ಟ್ಯಾಲಿಯ ಲೆಕ್ಕ ಎಕ್ಸೆಲ್‌ಗೆ ಬರುತ್ತಿಲ್ಲವೇ? ಒಡಿಬಿಸಿ ಜೋಡಿಸುವ ಕ್ರಮ ಇಲ್ಲಿದೆ

"ಟ್ಯಾಲಿ ಸರಿ ಇದ್ದು, ಎಕ್ಸೆಲ್ಲಲ್ಲಿ ಎಂತದೂ ಬತ್ತಿಲ್ಲೆ ಮಾರಾಯಾ."

ಈ ಮಾತು ನನಗೆ ಬಾಯಿಪಾಠ ಆಗಿದೆ. ಶಿರಸಿಯ ಅಡಿಕೆ ವಖಾರಿಯಿಂದ ಫೋನ್ ಬರುತ್ತದೆ, ಕುಮಟಾದ ಹಾರ್ಡ್‌ವೇರ್ ಅಂಗಡಿಯಿಂದ ಬರುತ್ತದೆ, ಕಾರವಾರದ ಮೀನು ವ್ಯಾಪಾರದ ಆಫೀಸಿನಿಂದಲೂ ಬರುತ್ತದೆ. ಹೋಗಿ ನೋಡಿದರೆ ಲೆಕ್ಕ ಇಡುವ ಸಾಫ್ಟ್‌ವೇರ್ ಆದ ಟ್ಯಾಲಿಯೂ ಸರಿ ಇರುತ್ತದೆ, ಎಕ್ಸೆಲ್ಲೂ ಸರಿ ಇರುತ್ತದೆ. ನಡುವಿನ ದಾರಿ ಕಟ್ಟಿಕೊಂಡಿರುತ್ತದೆ. ಆ ದಾರಿಯ ಹೆಸರು ಒಡಿಬಿಸಿ ಡ್ರೈವರ್. ಒಂದು ಸಾಫ್ಟ್‌ವೇರ್‌ನಲ್ಲಿರುವ ಲೆಕ್ಕವನ್ನು ಇನ್ನೊಂದು ಸಾಫ್ಟ್‌ವೇರ್ ಓದುವುದಕ್ಕೆ ಇರುವ ವ್ಯವಸ್ಥೆ ಅದು.

ಹೆಚ್ಚಿನವರು ಸೋಲುವುದು ಒಂದೇ ಕಾರಣಕ್ಕೆ. ಎಕ್ಸೆಲ್‌ನಿಂದ ಶುರು ಮಾಡುತ್ತಾರೆ. ಘಟ್ಟದ ಮೇಲೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ಮನೆಗೆ ನೀರು ತಂದುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ನಿಂತರೆ ನಾವು ಅಡುಗೆಮನೆಯ ನಲ್ಲಿ ಬಿಚ್ಚುತ್ತಾ ಕೂರುವುದಿಲ್ಲ. ಮೇಲೆ ಹತ್ತಿ ಪೈಪಿನ ಬಾಯಿಗೆ ಎಲೆ ಕಟ್ಟಿದೆಯಾ ನೋಡುತ್ತೇವೆ. ಇಲ್ಲೂ ಹಾಗೇ. ಮೊದಲು ಟ್ಯಾಲಿ, ಆಮೇಲೆ ಡ್ರೈವರ್, ಎಕ್ಸೆಲ್ ಕಟ್ಟಕಡೆಗೆ. ಒಂದು ಹಂತ ಸರಿಯಾಗಿದೆ ಅಂತ ಕಣ್ಣಾರೆ ಕಂಡ ಮೇಲೆ ಮಾತ್ರ ಮುಂದಿನದಕ್ಕೆ ಹೋಗಿ.

## ಕೂರುವ ಮುಂಚೆ ಏನೇನು ಬೇಕು

ಟ್ಯಾಲಿ ಮತ್ತು ಎಕ್ಸೆಲ್ ಎರಡೂ ಒಂದೇ ವಿಂಡೋಸ್ ಕಂಪ್ಯೂಟರ್‌ನಲ್ಲಿ ಇರಲಿ. ಬೇರೆ ಬೇರೆ ಕಂಪ್ಯೂಟರ್ ನಡುವೆ ಜೋಡಿಸುವ ಯೋಚನೆ ಆಮೇಲೆ. ಎಕ್ಸೆಲ್ ಅಂದರೆ ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಮಾಡಿದ ಎಕ್ಸೆಲ್. ಬ್ರೌಸರ್‌ನಲ್ಲಿ ತೆರೆಯುವುದು, ಮೊಬೈಲ್‌ನದ್ದು, ಇವ್ಯಾವುದೂ ಆಗುವುದಿಲ್ಲ.

ವಿಂಡೋಸ್‌ನ ಅಡ್ಮಿನ್ ಪಾಸ್‌ವರ್ಡ್ ಗೊತ್ತಿರಬೇಕು. ಕಂಪ್ಯೂಟರ್ ಹಾಕಿಕೊಟ್ಟವರು ಇಟ್ಟ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ ಅನ್ನುವುದು ನಮ್ಮ ಕಡೆ ಸಾಮಾನ್ಯ. ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಟ್ಯಾಲಿಯಲ್ಲಿ ಬ್ಯಾಕಪ್ ತೆಗೆಯಿರಿ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿದರೆ ಡೇಟಾ ಮೆನು ಬರುತ್ತದೆ, ಅದರೊಳಗೆ ಬ್ಯಾಕಪ್ ಇದೆ. ಒಡಿಬಿಸಿಯಲ್ಲಿ ಎಕ್ಸೆಲ್ ಲೆಕ್ಕವನ್ನು ಓದುತ್ತದೆ ಅಷ್ಟೇ, ತಿದ್ದುವುದಿಲ್ಲ. ಆದರೂ ಟ್ಯಾಲಿಯನ್ನು ಎರಡು ಮೂರು ಸಲ ಮುಚ್ಚಿ ತೆರೆಯುವುದಿದೆ. ಅದೂ ಮಳೆಗಾಲ, ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಈ ಕೆಲಸ ಇವತ್ತು ಬೇಡ.

ಬಿಲ್ ಮಾಡುವ ಹೊತ್ತಿನಲ್ಲಿ ಕೂರಬೇಡಿ. ವಖಾರಿಯಲ್ಲಾದರೆ ಟೆಂಡರ್ ಮುಗಿದು ಜನ ಕರಗಿದ ಮೇಲೆ ಅರ್ಧ ಗಂಟೆ ಸಾಕು.

## ಹಂತ 1: ಟ್ಯಾಲಿಗೆ "ಲೆಕ್ಕ ಕೊಡು" ಅಂತ ಹೇಳುವುದು

ಟ್ಯಾಲಿ ತನ್ನಷ್ಟಕ್ಕೆ ಯಾರಿಗೂ ಲೆಕ್ಕ ಕೊಡುವುದಿಲ್ಲ. ಅದಕ್ಕೆ ಸರ್ವರ್ ಆಗಿ ನಿಲ್ಲು ಅಂತ ಹೇಳಬೇಕು.

ಟ್ಯಾಲಿ ಪ್ರೈಮ್‌ನಲ್ಲಿ ಎಫ್1 ಒತ್ತಿ. ಹೆಲ್ಪ್ ಮೆನುವಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಕನೆಕ್ಟಿವಿಟಿ. ಅಲ್ಲಿ ಕ್ಲೈಂಟ್/ಸರ್ವರ್ ಕಾನ್ಫಿಗರೇಷನ್ ಅನ್ನುವ ಸಾಲು ಇದೆ. ತೆರೆದರೆ ಮೂರು ವಿಷಯ ಕೇಳುತ್ತದೆ. ಟ್ಯಾಲಿ ಪ್ರೈಮ್ ಯಾವುದಾಗಿ ಕೆಲಸ ಮಾಡಬೇಕು ಅನ್ನುವಲ್ಲಿ "ಬೋತ್" ಇಡಿ. ಒಡಿಬಿಸಿ ಎನೇಬಲ್ ಅನ್ನುವಲ್ಲಿ "ಯೆಸ್". ಪೋರ್ಟ್, ಅಂದರೆ ಲೆಕ್ಕ ಹೊರಗೆ ಹೋಗುವ ಬಾಗಿಲಿನ ನಂಬರ್, 9000. ಕಂಟ್ರೋಲ್ ಜೊತೆ ಎ ಒತ್ತಿ ಸೇವ್ ಮಾಡಿ. ಟ್ಯಾಲಿಯನ್ನು ಮುಚ್ಚಿ ತೆರೆಯಬೇಕು ಅಂತ ಕೇಳುತ್ತದೆ, ಒಪ್ಪಿಕೊಳ್ಳಿ.

ಹಳೆಯ ಟ್ಯಾಲಿ ಇಆರ್‌ಪಿ 9 ಇನ್ನೂ ಓಡುತ್ತಿರುವ ಅಂಗಡಿಗಳು ಬೇಕಾದಷ್ಟಿವೆ. ಅಲ್ಲಿ ಎಫ್12 ಒತ್ತಿ ಅಡ್ವಾನ್ಸ್‌ಡ್ ಕಾನ್ಫಿಗರೇಷನ್‌ಗೆ ಹೋದರೆ ಇವೇ ಸಾಲುಗಳು ಸಿಗುತ್ತವೆ.

ಒಂದೇ ಕಂಪ್ಯೂಟರ್‌ನಲ್ಲಿ ಹಳೆಯದು ಹೊಸದು ಎರಡೂ ಟ್ಯಾಲಿ ತೆರೆದಿದ್ದರೆ ಎರಡೂ 9000 ಹಿಡಿಯಲು ಹೋಗುತ್ತವೆ. ಮೊದಲು ತೆರೆದದ್ದಕ್ಕೆ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಒಂದನ್ನು ಮುಚ್ಚಿ, ಇಲ್ಲವೇ ಒಂದಕ್ಕೆ 9002 ಅಂತ ಬೇರೆ ಪೋರ್ಟ್ ಕೊಡಿ.

## ಹಂತ 2: ಬ್ರೌಸರ್‌ನಲ್ಲಿ ಒಂದು ನಿಮಿಷದ ಪರೀಕ್ಷೆ

ಈ ಹಂತವನ್ನು ಬಿಡುವವರೇ ಜಾಸ್ತಿ. ಆದರೆ ಅರ್ಧ ತಲೆನೋವು ಕಳೆಯುವುದು ಇಲ್ಲೇ.

ಟ್ಯಾಲಿ ತೆರೆದಿರಲಿ, ಕಂಪನಿ (ಟ್ಯಾಲಿಯೊಳಗಿನ ನಿಮ್ಮ ಅಂಗಡಿಯ ಲೆಕ್ಕ) ಲೋಡ್ ಆಗಿರಲಿ. ಕ್ರೋಮ್ ಅಥವಾ ಎಡ್ಜ್ ತೆರೆದು ಅಡ್ರೆಸ್ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಲೋಕಲ್‌ಹೋಸ್ಟ್ ಅಂತ ಬರೆದು, ಕೋಲನ್ ಹಾಕಿ, 9000 ಅಂತ ಬರೆದು ಎಂಟರ್ ಒತ್ತಿ. "ಟ್ಯಾಲಿ ಪ್ರೈಮ್ ಸರ್ವರ್ ಈಸ್ ರನ್ನಿಂಗ್" ಅನ್ನುವ ಒಂದು ಸಾಲು ಕಂಡರೆ ಒರತೆಯಲ್ಲಿ ನೀರಿದೆ. ಇದಕ್ಕೆ ಇಂಟರ್‌ನೆಟ್ ಬೇಕಾಗಿಲ್ಲ, ನೆಟ್‌ವರ್ಕ್ ಬಿದ್ದುಹೋಗಿದ್ದರೂ ನಡೆಯುತ್ತದೆ.

ಆ ಸಾಲು ಬರದಿದ್ದರೆ ಎಕ್ಸೆಲ್ ಮುಟ್ಟಲೇಬೇಡಿ. ಹಂತ 1ಕ್ಕೆ ವಾಪಸ್ ಹೋಗಿ. ಸೇವ್ ಆದ ಮೇಲೆ ಟ್ಯಾಲಿಯನ್ನು ಪೂರ್ತಿ ಮುಚ್ಚಿ ತೆರೆದಿರಾ? ಪೋರ್ಟ್ ನಂಬರ್ ಅದೇ ಇದೆಯಾ? ಎರಡೂ ಸರಿ ಇದ್ದು ಇನ್ನೂ ಬರದಿದ್ದರೆ ಪೋರ್ಟ್ 9000 ಅನ್ನು ಬೇರೆ ಯಾವುದೋ ಸಾಫ್ಟ್‌ವೇರ್ ಹಿಡಿದುಕೊಂಡಿರಬಹುದು. ಟ್ಯಾಲಿಯಲ್ಲಿ 9002 ಇಟ್ಟು, ಬ್ರೌಸರ್‌ನಲ್ಲೂ 9002 ಬರೆದು ನೋಡಿ.

## ಹಂತ 3: 32 ಬಿಟ್ಟೋ, 64 ಬಿಟ್ಟೋ?

ನಾನು ಕಂಡ ಹಾಗೆ ಜನ ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ವಿಂಡೋಸ್‌ನಲ್ಲಿ ಎರಡು ಜಾತಿಯ ಸಾಫ್ಟ್‌ವೇರ್ ಓಡುತ್ತವೆ, 32 ಬಿಟ್ ಮತ್ತು 64 ಬಿಟ್. 64 ಬಿಟ್ ಎಕ್ಸೆಲ್‌ಗೆ 64 ಬಿಟ್ ಡ್ರೈವರ್ ಮಾತ್ರ ಕಾಣುತ್ತದೆ. 32 ಬಿಟ್ ಎಕ್ಸೆಲ್‌ಗೆ 32 ಬಿಟ್ ಡ್ರೈವರ್ ಮಾತ್ರ. ಮುಕ್ಕಾಲು ಇಂಚಿನ ಪೈಪಿಗೆ ಒಂದು ಇಂಚಿನ ಜಾಯಿಂಟ್ ಕೂರುತ್ತದೆಯೇ? ಹಾಗೆ. ನಿಮ್ಮ ವಿಂಡೋಸ್ 64 ಬಿಟ್ ಆಗಿದ್ದ ಮಾತ್ರಕ್ಕೆ ಅದರೊಳಗಿನ ಎಕ್ಸೆಲ್ ಕೂಡ 64 ಬಿಟ್ ಅಂತ ಅಂದುಕೊಳ್ಳಬೇಡಿ. ಹಳೆಯ ಆಫೀಸ್ ಹಾಕಿಕೊಟ್ಟ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು 32 ಬಿಟ್ಟೇ ಇರುತ್ತದೆ.

ನೋಡುವುದು ಸುಲಭ. ಎಕ್ಸೆಲ್‌ನಲ್ಲಿ ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಒತ್ತಿ. ಮೇಲಿನ ಸಾಲಿನ ಕೊನೆಗೆ 32 ಬಿಟ್ ಅಥವಾ 64 ಬಿಟ್ ಅಂತ ಬರೆದಿರುತ್ತದೆ. ಟ್ಯಾಲಿಗೆ ಇನ್ನೊಂದು ಉಪಾಯ. ಟ್ಯಾಲಿ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪಟ್ಟಿಯಲ್ಲಿ ಟ್ಯಾಲಿಯ ಹೆಸರಿನ ಪಕ್ಕ "32 ಬಿಟ್" ಅಂತ ಇದ್ದರೆ ಅದು 32. ಏನೂ ಇಲ್ಲದಿದ್ದರೆ 64.

ಎರಡೂ ಒಂದೇ ಇದ್ದರೆ ಮುಂದಿನ ಹಂತಕ್ಕೆ ಹೋಗಿ. ಬೇರೆ ಬೇರೆ ಇದ್ದರೆ ಒಂದನ್ನು ಬದಲಿಸಲೇಬೇಕು. ಟ್ಯಾಲಿ 64, ಎಕ್ಸೆಲ್ 32 ಆಗಿದ್ದರೆ ನಾನು ಆಫೀಸ್ ಬದಲಿಸುತ್ತೇನೆ. ಹಳೆಯದನ್ನು ತೆಗೆದು 64 ಬಿಟ್ ಹಾಕುವುದು, ಅದೇ ಲೈಸೆನ್ಸ್ ನಡೆಯುತ್ತದೆ. ಆದರೆ ತೆಗೆಯುವ ಮುಂಚೆ ಎರಡು ವಿಷಯ ನೋಡಿ. ಆಫೀಸ್ ಖಾತೆಯ ಇಮೇಲ್ ಮತ್ತು ಪಾಸ್‌ವರ್ಡ್ ಕೈಯಲ್ಲಿದೆಯಾ? ಹಳೆಯ ಮ್ಯಾಕ್ರೋ ಇರುವ ಫೈಲ್ ಅಥವಾ ಎಕ್ಸೆಲ್‌ಗೆ ಅಂಟಿಕೊಂಡ ಬೇರೆ ಯಾವುದಾದರೂ ಸಾಫ್ಟ್‌ವೇರ್ ಬಳಸುತ್ತಿದ್ದೀರಾ? ಅವು 64 ಬಿಟ್‌ನಲ್ಲಿ ಮುನಿಸಿಕೊಳ್ಳಬಹುದು.

## ಹಂತ 4: ಡ್ರೈವರ್ ಪಟ್ಟಿಯಲ್ಲಿ ಟ್ಯಾಲಿಯ ಹೆಸರಿದೆಯಾ?

ಸ್ಟಾರ್ಟ್ ಮೆನುವಿನಲ್ಲಿ ಇಂಗ್ಲಿಷಿನಲ್ಲಿ ಒಡಿಬಿಸಿ ಅಂತ ಟೈಪ್ ಮಾಡಿ. "ಒಡಿಬಿಸಿ ಡೇಟಾ ಸೋರ್ಸಸ್" ಅನ್ನುವುದು ಎರಡು ಕಾಣುತ್ತದೆ, ಒಂದು 32 ಬಿಟ್, ಇನ್ನೊಂದು 64 ಬಿಟ್. ನಿಮ್ಮ ಎಕ್ಸೆಲ್ ಯಾವುದೋ ಅದನ್ನೇ ತೆರೆಯಿರಿ.

ಸಿ ಡ್ರೈವ್‌ನೊಳಗೆ ಕೈ ಹಾಕಿ ಹುಡುಕುವ ಅಭ್ಯಾಸ ಇರುವವರಿಗೆ ಒಂದು ಮಾತು. ಸಿಸ್ಟಮ್32 ಫೋಲ್ಡರ್‌ನಲ್ಲಿ ಇರುವುದು 64 ಬಿಟ್‌ನದ್ದು. ಹೆಸರಲ್ಲಿ 64 ಇರುವ ಸಿಸ್‌ವಾವ್64 ಫೋಲ್ಡರ್‌ನಲ್ಲಿ ಇರುವುದು 32 ಬಿಟ್‌ನದ್ದು. ಯಾರು ಹೀಗೆ ಹೆಸರಿಟ್ಟರೋ! ಸುಮ್ನೆ ಸ್ಟಾರ್ಟ್ ಮೆನುವಿನಿಂದಲೇ ಹೋಗಿ.

ತೆರೆದ ಕಿಟಕಿಯಲ್ಲಿ ಮೊದಲ ಟ್ಯಾಬ್ "ಯೂಸರ್ ಡಿಎಸ್‌ಎನ್". ಡಿಎಸ್‌ಎನ್ ಅಂದರೆ ಡೇಟಾ ಸೋರ್ಸ್ ನೇಮ್, ಲೆಕ್ಕ ಎಲ್ಲಿಂದ ಬರುತ್ತದೆ ಅನ್ನುವುದರ ಹೆಸರು. ಅಲ್ಲಿ ಟ್ಯಾಲಿಒಡಿಬಿಸಿ64_9000 ಅನ್ನುವ ಹೆಸರು ಇರಬೇಕು. 32 ಬಿಟ್ ಆದರೆ ಹೆಸರಿನಲ್ಲಿ 64 ಇರುವುದಿಲ್ಲ. ಕೊನೆಯ ನಂಬರ್ ನೀವು ಕೊಟ್ಟ ಪೋರ್ಟ್. ಪೋರ್ಟ್ ಬದಲಿಸಿದರೆ ಹೆಸರೂ ಬದಲಾಗುತ್ತದೆ. ಆಗ ಹಳೆಯ ಎಕ್ಸೆಲ್ ಫೈಲ್ ಹಳೆಯ ಹೆಸರನ್ನೇ ಹುಡುಕುತ್ತಾ ಕೂರುತ್ತದೆ. ಅದಕ್ಕೇ ಪೋರ್ಟ್ ಒಮ್ಮೆ ಇಟ್ಟ ಮೇಲೆ ಮತ್ತೆ ಮುಟ್ಟಬಾರದು.

ಹೆಸರೇ ಇಲ್ಲವೇ? ಟ್ಯಾಲಿ ಮುಚ್ಚಿ. ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ "ರನ್ ಆಸ್ ಅಡ್ಮಿನಿಸ್ಟ್ರೇಟರ್" ಕೊಟ್ಟು ಒಮ್ಮೆ ತೆರೆಯಿರಿ. ಹೆಚ್ಚಿನ ಸಲ ಇಷ್ಟಕ್ಕೇ ಹೆಸರು ಬಂದುಬಿಡುತ್ತದೆ.

ಯೂಸರ್ ಡಿಎಸ್‌ಎನ್ ಅಂದರೆ ಆ ವಿಂಡೋಸ್ ಲಾಗಿನ್‌ಗೆ ಮಾತ್ರ ಸೇರಿದ್ದು. ಗುಮಾಸ್ತರ ಲಾಗಿನ್‌ನಲ್ಲಿ ಜೋಡಿಸಿ, ಸಂಜೆ ಯಜಮಾನರು ತಮ್ಮ ಲಾಗಿನ್‌ನಲ್ಲಿ ತೆರೆದರೆ ಅವರಿಗೆ ಏನೂ ಕಾಣುವುದಿಲ್ಲ. ಯಾರು ವರದಿ ನೋಡುತ್ತಾರೋ ಅವರ ಲಾಗಿನ್‌ನಲ್ಲೇ ಕೂತು ಮಾಡಿ.

## ಹಂತ 5: ಈಗ ಎಕ್ಸೆಲ್

ಟ್ಯಾಲಿಯಲ್ಲಿ ಒಂದೇ ಕಂಪನಿ ತೆರೆದಿಡಿ. ಎರಡು ತೆರೆದಿದ್ದರೆ ಯಾವುದು ಮುಂದಿದೆಯೋ ಅದರ ಲೆಕ್ಕ ಬರುತ್ತದೆ, ಅದು ನಿಮಗೆ ಬೇಕಾದದ್ದೇ ಆಗಿರಬೇಕಂತಿಲ್ಲ. ಅವಧಿಯನ್ನೂ ನೋಡಿಕೊಳ್ಳಿ. ಆಲ್ಟ್ ಜೊತೆ ಎಫ್2 ಒತ್ತಿ ಏಪ್ರಿಲ್ 1ರಿಂದ ಬೇಕಾದ ತಾರೀಖಿನವರೆಗೆ ಇಡಿ.

ಖಾಲಿ ಎಕ್ಸೆಲ್ ಹಾಳೆ ತೆರೆಯಿರಿ. ಡೇಟಾ ಟ್ಯಾಬ್, ಗೆಟ್ ಡೇಟಾ, ಫ್ರಮ್ ಅದರ್ ಸೋರ್ಸಸ್. ಇಲ್ಲಿ "ಫ್ರಮ್ ಒಡಿಬಿಸಿ" ಅಂತಲೂ ಇದೆ, "ಫ್ರಮ್ ಮೈಕ್ರೋಸಾಫ್ಟ್ ಕ್ವೆರಿ" ಅಂತಲೂ ಇದೆ. ಮೊದಲ ಸಲಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ. ನೋಡಲು ಹಳೇ ಕಾಲದ್ದು, ಆದರೆ ಟ್ಯಾಲಿ ಜೊತೆ ತಕರಾರು ಕಡಿಮೆ.

ಡೇಟಾ ಸೋರ್ಸ್ ಪಟ್ಟಿಯಲ್ಲಿ ಟ್ಯಾಲಿಯ ಹೆಸರು ಆಯ್ದು ಓಕೆ ಕೊಡಿ. ಎಡಗಡೆ ಟೇಬಲ್‌ಗಳ ಪಟ್ಟಿ ಬರುತ್ತದೆ. ಲೆಡ್ಜರ್, ಅಂದರೆ ಖಾತೆಗಳು, ಅನ್ನುವುದರ ಪಕ್ಕದ ಪ್ಲಸ್ ಒತ್ತಿದರೆ ಕಾಲಂಗಳು ಬಿಚ್ಚಿಕೊಳ್ಳುತ್ತವೆ. ಎಲ್ಲದರ ಹೆಸರೂ ಡಾಲರ್ ಚಿಹ್ನೆಯಿಂದ ಶುರು. ಅದು ದುಡ್ಡಿನ ಡಾಲರ್ ಅಲ್ಲ, ಟ್ಯಾಲಿಯ ಬರವಣಿಗೆ ಕ್ರಮ. ಮೊದಲಿಗೆ ನಾಲ್ಕೇ ಸಾಕು: ನೇಮ್, ಪೇರೆಂಟ್, ಓಪನಿಂಗ್ ಬ್ಯಾಲೆನ್ಸ್, ಕ್ಲೋಸಿಂಗ್ ಬ್ಯಾಲೆನ್ಸ್. ಬಲಗಡೆಗೆ ಸರಿಸಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ, ಕೊನೆಗೆ "ರಿಟರ್ನ್ ಡೇಟಾ ಟು ಮೈಕ್ರೋಸಾಫ್ಟ್ ಎಕ್ಸೆಲ್" ಇಟ್ಟು ಫಿನಿಶ್.

ಎಲ್ಲಾ ಕಾಲಂ ಒಟ್ಟಿಗೆ ಎಳೆಯುವ ಆಸೆ ಬೇಡ. ಸಾವಿರಗಟ್ಟಲೆ ರೈತರ ಖಾತೆ ಇರುವ ವಖಾರಿಯಲ್ಲಿ ಹಾಗೆ ಮಾಡಿದರೆ ಟ್ಯಾಲಿ ಹತ್ತು ನಿಮಿಷ ಕಲ್ಲಿನ ಹಾಗೆ ಕೂತುಬಿಡಬಹುದು. ಎಕ್ಸೆಲ್‌ಗೆ ಉತ್ತರ ಕೊಡುತ್ತಿರುವಾಗ ಅದರಲ್ಲಿ ಬಿಲ್ ಮಾಡಲು ಆಗುವುದಿಲ್ಲ.

## ಹಂತ 6: ಬಂದ ಲೆಕ್ಕ ತಾಳೆ ನೋಡುವುದು

ಅಂಕಿ ಬಂತು ಅಂತ ಖುಷಿಪಟ್ಟು ಪ್ರಿಂಟ್ ಕೊಟ್ಟುಬಿಡುತ್ತಾರೆ. ನಾನೂ ಕೊಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲನೆಯದು ಮೈನಸ್. ಟ್ಯಾಲಿಯಿಂದ ಬರುವಾಗ ಡೆಬಿಟ್ ಬಾಕಿ ಮೈನಸ್ ಆಗಿ ಬರುತ್ತದೆ, ಕ್ರೆಡಿಟ್ ಬಾಕಿ ಹಾಗೇ ಬರುತ್ತದೆ. ವಖಾರಿಯ ಲೆಕ್ಕದಲ್ಲಿ ಇದು ಭಾರೀ ಗೊಂದಲ. ಅಡಿಕೆ ತಂದು ಹಾಕಿದ ರೈತರಿಗೆ ವಖಾರಿಯೇ ದುಡ್ಡು ಕೊಡಬೇಕು, ಅದು ಕ್ರೆಡಿಟ್. ಕೊಯ್ಲಿಗೆ ಮುಂಚೆ ನಲವತ್ತು ಸಾವಿರ ಮುಂಗಡ ಒಯ್ದವರದ್ದು ಡೆಬಿಟ್, ಹಾಳೆಯಲ್ಲಿ ಅದು ಮೈನಸ್ 40,000. ಒಂದು ಕಡೆ ಯಜಮಾನರು ಆ ಹಾಳೆ ಹಿಡಿದು, ಕನ್ನಡಕ ಮೇಲೆ ಮಾಡಿ, "ಮೈನಸ್ ಇದ್ದು ಅಂದ್ರೆ ನಾವೇ ಇವಂಗೆ ಕೊಡವಾ?" ಅಂತ ಕೇಳಿದರು. ಅವರು ಕೇಳಿದ್ದು ಒಳ್ಳೆಯದಾಯಿತು. ಕೇಳದೆ ಚೆಕ್ ಬರೆದಿದ್ದರೆ? ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಮೈನಸ್ ಇದ್ದರೆ "ಅವರು ಕೊಡಬೇಕು", ಇಲ್ಲದಿದ್ದರೆ "ನಾವು ಕೊಡಬೇಕು" ಅಂತ ಅಕ್ಷರದಲ್ಲೇ ಬರುವ ಹಾಗೆ ಇಫ್ ಫಾರ್ಮುಲಾ ಹಾಕಿ. ಓದುವವರಿಗೆ ಚಿಹ್ನೆಗಿಂತ ಮಾತು ಮೇಲು.

ಎರಡನೆಯದು ಪೇರೆಂಟ್ ಕಾಲಂ. ಇದರಲ್ಲಿ ಎಡವಿದ್ದು ನಾನೇ. ಪೇರೆಂಟ್ ಅನ್ನುವುದು ಖಾತೆಯ ನೇರ ಗುಂಪನ್ನು ಮಾತ್ರ ತೋರಿಸುತ್ತದೆ, ಅದರ ಮೇಲಿನ ಗುಂಪನ್ನಲ್ಲ. ಸಂಡ್ರಿ ಡೆಟರ್ಸ್, ಅಂದರೆ ನಮಗೆ ಬಾಕಿ ಕೊಡಬೇಕಾದವರ ಗುಂಪು, ಅದರ ಕೆಳಗೆ ಸಿದ್ದಾಪುರ ಕಡೆಯವರು, ಯಲ್ಲಾಪುರ ಕಡೆಯವರು ಅಂತ ಒಳಗುಂಪು ಮಾಡಿಟ್ಟಿದ್ದರು. ನಾನು ಪೇರೆಂಟ್‌ನಲ್ಲಿ ಸಂಡ್ರಿ ಡೆಟರ್ಸ್ ಮಾತ್ರ ಫಿಲ್ಟರ್ ಮಾಡಿ ಒಟ್ಟು ತೆಗೆದೆ. ಎರಡು ತಾಲೂಕಿನ ಬಾಕಿ ಮಾಯ! ಪರಿಹಾರ ಇಷ್ಟೇ. ಗ್ರೂಪ್‌ಗಳ ಟೇಬಲ್‌ನಿಂದ ನೇಮ್ ಮತ್ತು ಪೇರೆಂಟ್ ಎರಡನ್ನೂ ಇನ್ನೊಂದು ಹಾಳೆಗೆ ತನ್ನಿ. ವಿಲುಕಪ್ ಹಾಕಿ ಪ್ರತಿ ಖಾತೆಯ ಪಕ್ಕ ಮೇಲಿನ ಗುಂಪಿನ ಹೆಸರು ಬರುವ ಹಾಗೆ ಮಾಡಿ. ಆಮೇಲೆ ಒಟ್ಟು ಹಾಕಿ.

ಮೂರನೆಯದಾಗಿ, ಟ್ಯಾಲಿಯಲ್ಲಿ ಅದೇ ತಾರೀಖಿಗೆ ಸಂಡ್ರಿ ಡೆಟರ್ಸ್ ಗ್ರೂಪ್ ಸಮ್ಮರಿ ತೆರೆದು ಎಕ್ಸೆಲ್‌ನ ಒಟ್ಟಿನ ಜೊತೆ ಹೋಲಿಸಿ. ಪೈಸೆಗೆ ಪೈಸೆ ಸರಿ ಬರಬೇಕು. ಎಲ್ಲ ಖಾತೆಗಳನ್ನು ಕೂಡಿಸಿದರೆ ಸೊನ್ನೆ ಬರಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ರಾಶಿ, ಚಾಲಿ, ಬೆಟ್ಟೆ ಅಂತ ಅಡಿಕೆಯ ಸ್ಟಾಕ್ ಕೂಡ ಟ್ಯಾಲಿಯಲ್ಲೇ ಇಟ್ಟಿದ್ದರೆ ಬರಬೇಕಂತಿಲ್ಲ, ಸ್ಟಾಕಿನ ಬೆಲೆ ಲೆಡ್ಜರ್ ಟೇಬಲ್‌ನಲ್ಲಿ ಇರುವುದಿಲ್ಲ. ಗುಂಪು ಗುಂಪಾಗಿ ಹೋಲಿಸುವುದೇ ಸರಿ.

ಅಂಕಿಗಳು ಸೆಲ್‌ನ ಎಡಗಡೆಗೆ ಅಂಟಿಕೊಂಡಿದ್ದರೆ ಅವು ಅಂಕಿಯಾಗಿ ಬಂದಿಲ್ಲ, ಅಕ್ಷರವಾಗಿ ಬಂದಿವೆ. ಕೂಡಿಸಿದರೆ ಸೊನ್ನೆ ತೋರಿಸುತ್ತದೆ. ವ್ಯಾಲ್ಯೂ ಫಾರ್ಮುಲಾ ಹಾಕಿ ತಿರುಗಿಸಿಕೊಳ್ಳಿ.

## ಹಂತ 7: ದಿನಾ ರಿಫ್ರೆಶ್ ಮಾಡುವುದು

ಡೇಟಾ ಟ್ಯಾಬ್‌ನ ರಿಫ್ರೆಶ್ ಆಲ್ ಒತ್ತಿದರೆ ಹೊಸ ಲೆಕ್ಕ ಬರುತ್ತದೆ. ಟ್ಯಾಲಿ ತೆರೆದಿರಬೇಕು, ಕಂಪನಿ ಲೋಡ್ ಆಗಿರಬೇಕು. ಇಷ್ಟು ಹೇಳಿದರೂ "ನಿನ್ನೆ ಬಂತು, ಇವತ್ತು ಬರುತ್ತಿಲ್ಲ" ಅನ್ನುವ ಫೋನ್‌ಗಳಲ್ಲಿ ಹೆಚ್ಚಿನವು ಟ್ಯಾಲಿ ತೆರೆಯದೇ ಮಾಡಿದ್ದು.

ಇಷ್ಟು ನಿಮಿಷಕ್ಕೊಮ್ಮೆ ತಾನಾಗೇ ರಿಫ್ರೆಶ್ ಆಗಲಿ ಅಂತ ಇಡಲು ಬರುತ್ತದೆ. ಬಿಲ್ ಮಾಡುವ ಕಂಪ್ಯೂಟರ್‌ನಲ್ಲಿ ಇಡಬೇಡಿ. ಬೆಳಗ್ಗೆ ಒಂದು, ಸಂಜೆ ಒಂದು, ಕೈಯಿಂದಲೇ ಒತ್ತಿ.

ಮಾರ್ಚ್ ಮುಗಿದ ಮೇಲೆ ಒಂದು ಅಪಾಯ ಕಾದಿರುತ್ತದೆ. ಕೆಲವರು ಹೊಸ ವರ್ಷಕ್ಕೆ ಟ್ಯಾಲಿಯಲ್ಲಿ ಹೊಸ ಕಂಪನಿ ಮಾಡುತ್ತಾರೆ. ಹೊಸದು ತೆರೆದಿರುವಾಗ ಹಳೆಯ ಎಕ್ಸೆಲ್‌ನಲ್ಲಿ ರಿಫ್ರೆಶ್ ಒತ್ತಿದರೆ ಹೋದ ವರ್ಷದ ಅಂಕಿ ಅಳಿಸಿ ಹೊಸ ಕಂಪನಿಯದ್ದು ಕೂತುಬಿಡುತ್ತದೆ. ಒಂದು ಮಾತೂ ಕೇಳುವುದಿಲ್ಲ. ಹಾಗಾಗಿ ಕಂಪನಿ ಟೇಬಲ್‌ನಿಂದ ಹೆಸರಿನ ಕಾಲಂ ಎಳೆದು ಹಾಳೆಯ ಮೇಲ್ಗಡೆಗೆ ಹಾಕಿಡಿ, ಯಾವ ಕಂಪನಿಯ ಲೆಕ್ಕ ಅಂತ ಕಣ್ಣಿಗೆ ಬೀಳುತ್ತದೆ. ತಿಂಗಳ ಕೊನೆಯ ವರದಿಯನ್ನು ಬೇರೆ ಫೈಲ್‌ಗೆ ಅಂಕಿಯಾಗಿ ಮಾತ್ರ ಪೇಸ್ಟ್ ಮಾಡಿಡಿ.

## ಪರದೆ ಮೇಲೆ ಬರುವ ಬೈಗುಳಗಳು

"ಆರ್ಕಿಟೆಕ್ಚರ್ ಮಿಸ್‌ಮ್ಯಾಚ್" ಅನ್ನುವ ಮಾತು ಕಂಡರೆ 32 ಮತ್ತು 64 ಹೊಂದಿಲ್ಲ. ಹಂತ 3.

"ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್" ಬಂದರೆ ಎಕ್ಸೆಲ್ ಹುಡುಕುತ್ತಿರುವ ಹೆಸರು ಪಟ್ಟಿಯಲ್ಲಿ ಇಲ್ಲ. ಪೋರ್ಟ್ ಬದಲಾಗಿದೆ, ಲಾಗಿನ್ ಬದಲಾಗಿದೆ, ಇಲ್ಲವೇ ಫೈಲನ್ನು ಬೇರೆ ಕಂಪ್ಯೂಟರ್‌ಗೆ ಒಯ್ದಿದ್ದೀರಿ. ಹಂತ 4.

ಹೆಸರು ಇದೆ, ಆಯ್ದ ಮೇಲೆ ಟೇಬಲ್ ಪಟ್ಟಿ ಖಾಲಿ. ಕಂಪನಿ ಲೋಡ್ ಆಗಿಲ್ಲ, ಅಥವಾ ಟ್ಯಾಲಿ ಪಾಸ್‌ವರ್ಡ್ ಕೇಳುವ ಪರದೆಯಲ್ಲೇ ನಿಂತಿದೆ.

## ವೋಚರ್ ಬೇಕು ಅನ್ನುವವರಿಗೆ, ಪವರ್ ಬಿಐ ಬೇಕು ಅನ್ನುವವರಿಗೆ

ಖಾತೆಯ ಬಾಕಿ, ಸ್ಟಾಕ್ ಐಟಂ, ಗುಂಪು ಇವೆಲ್ಲ ಮೇಲಿನ ದಾರಿಯಲ್ಲಿ ಬರುತ್ತವೆ. ದಿನದ ಒಂದೊಂದು ಬಿಲ್ಲಿನ ವಿವರ ಹಾಗೆ ನೇರವಾಗಿ ಸಿಗುವುದಿಲ್ಲ. ಟಿಡಿಎಲ್ ಅನ್ನುವ ಟ್ಯಾಲಿಯದ್ದೇ ಭಾಷೆಯಲ್ಲಿ ಚಿಕ್ಕದೊಂದು ಫೈಲ್ ಬರೆಸಿ, ವೋಚರ್‌ಗಳನ್ನು ಒಡಿಬಿಸಿ ಟೇಬಲ್ ಆಗಿ ತೋರಿಸಬೇಕು. ಗೊತ್ತಿದ್ದವರ ಹತ್ತಿರ ದುಡ್ಡು ಕೊಟ್ಟು ಬರೆಸಿ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಕಳಿಸಿದ ಟಿಡಿಎಲ್ ಫೈಲ್ ತಂದು ಹಾಕಬೇಡಿ. ಅದು ನಿಮ್ಮ ಟ್ಯಾಲಿಯ ಒಳಗೇ ಓಡುತ್ತದೆ. ತಿಂಗಳಿಗೊಮ್ಮೆ ಮಾತ್ರ ಬೇಕಾದರೆ ಡೇ ಬುಕ್ ತೆರೆದು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡುವುದೇ ಸಸಾರ.

ಪವರ್ ಬಿಐ ಅಂದರೆ ವರದಿ ಮಾಡುವ ಮೈಕ್ರೋಸಾಫ್ಟ್‌ನ ಇನ್ನೊಂದು ಸಾಫ್ಟ್‌ವೇರ್. ಪವರ್ ಬಿಐ ಡೆಸ್ಕ್‌ಟಾಪ್‌ನಲ್ಲಿ ಗೆಟ್ ಡೇಟಾ, ಒಡಿಬಿಸಿ ಅಂತ ಹೋದರೆ ಅದೇ ಹೆಸರು ಸಿಗುತ್ತದೆ, ಬಿಟ್‌ನ ನಿಯಮವೂ ಅದೇ. ಮೊಬೈಲ್‌ನಲ್ಲಿ ನೋಡಬೇಕು ಅಂತ ಆನ್‌ಲೈನ್‌ಗೆ ಏರಿಸಿದರೆ, ರಿಫ್ರೆಶ್ ಆಗಲು ಅಂಗಡಿಯ ಕಂಪ್ಯೂಟರ್‌ನಲ್ಲಿ ಗೇಟ್‌ವೇ ಅನ್ನುವ ಸಾಫ್ಟ್‌ವೇರ್ ಓಡುತ್ತಿರಬೇಕು. ಟ್ಯಾಲಿಯೂ ತೆರೆದಿರಬೇಕು. ರಾತ್ರಿ ಕಂಪ್ಯೂಟರ್ ಆರಿಸಿ ಬಾಗಿಲು ಹಾಕಿ ಹೋಗುವ ಅಂಗಡಿಗೆ ರಾತ್ರಿ ಹನ್ನೆರಡರ ರಿಫ್ರೆಶ್ ಇಟ್ಟರೆ ಬೆಳಗ್ಗೆ ಸಿಗುವುದು ರಿಫ್ರೆಶ್ ಆಗಿಲ್ಲ ಅನ್ನುವ ಸಂದೇಶ ಮಾತ್ರ.

## ಪೋರ್ಟ್ ತೆರೆದವರು ಬಾಗಿಲನ್ನೂ ನೋಡಿಕೊಳ್ಳಿ

ಪೋರ್ಟ್ 9000 ತಲುಪಿದವರನ್ನು ಟ್ಯಾಲಿ ಹೆಸರು ಕೇಳುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ. ಕಂಪನಿ ತೆರೆದಿದ್ದರೆ ಲೆಕ್ಕ ಕೊಡುತ್ತದೆ. ಎಕ್ಸೆಲ್ ಲೆಕ್ಕವನ್ನು ಓದುತ್ತದೆ ಅಷ್ಟೇ ಅನ್ನುವುದು ನಿಜ, ಆದರೆ ಅದೇ ಪೋರ್ಟ್‌ನಲ್ಲಿ ಬೇರೆ ರೀತಿಯಲ್ಲಿ ಎಂಟ್ರಿ ಒಳಗೆ ಹಾಕಲೂ ಬರುತ್ತದೆ. ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿದಾಗ "ಪ್ರೈವೇಟ್" ಮಾತ್ರ ಟಿಕ್ ಮಾಡಿ, "ಪಬ್ಲಿಕ್" ಬೇಡ. ಮನೆಯಿಂದ ನೋಡಬೇಕು ಅಂತ ರೂಟರ್‌ನಲ್ಲಿ 9000 ಅನ್ನು ಹೊರಗಿನವರಿಗೆ ತೆರೆದಿಡಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂಗಡಿಯ ವೈಫೈ ಪಾಸ್‌ವರ್ಡನ್ನು ಗಿರಾಕಿಗಳಿಗೆ ಕೊಡುವ ರೂಢಿ ಇದ್ದರೆ ಅವರಿಗೆ ಗೆಸ್ಟ್ ವೈಫೈ ಬೇರೆ ಮಾಡಿಕೊಡಿ, ಟ್ಯಾಲಿ ಇರುವ ಕಂಪ್ಯೂಟರ್ ಅದರಲ್ಲಿ ಇರದಿರಲಿ.